ಹಳೆಯ ಬಾಗಿಲು, ಹೊಸ ಪಡಸಾಲೆ



ಕಳೆದ ತಿಂಗಳ ಮನೆವಾರ್ತೆಯಲ್ಲಿ ಅಡಿಗೆಮನೆಯ ಗಾಳಿ ಬೆಳಕುಗಳ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನೋದಿದ ಸಿರುಗುಪ್ಪೆಯ ಕಡೆಯ ಸೋದರಿಯೊಬ್ಬಳು ನನಗೆ ಕಾಗದ ಬರೆದಿರುವಳು. ಅವಳ ಸಂಗತಿಯಿದು: ಹಳೆಯ ಮಣ್ಣಿನ ಮಾಳಿಗೆಯನ್ನು ಬಿಚ್ಚಿಸಿ ಹೊಸ ಮನೆಯನ್ನು ಕಟ್ಟಿಸಿರುವರು, ಕಟ್ಟಿಸುವುದರೊಳಗಾಗಿ ಕೈಯಲ್ಲಿದ್ದ ಹಣವೆಲ್ಲ ತೀರಿಹೋಗಿರುವುದು, ಪಡಸಾಲೆಯ ಬಿಳಿಯ ಗೋಡೆಗಳು ಬರಿದಾಗಿ ಬಿಕೋ ಎನ್ನುತ್ತಿರುವುವು, ಬಂದವರು ಕುಳ್ಳಿರಲು ಎರಡು ಪ್ಲಾಸ್ಟಿಕ್ಕಿನ ಕುರ್ಚಿಗಳ ಹೊರತು ಬೇರೇನೂ ಇಲ್ಲ. ಅಂಗಡಿಯವನೊಬ್ಬನು ಸೋಫಾವನ್ನು ಕಂತಿನ ಮೇಲೆ ಕೊಡುವೆನೆನ್ನುತ್ತಿರುವನು. ಇತ್ತ ಹಿತ್ತಲಿನ ತಗಡಿನ ಚಪ್ಪರದಡಿಯಲ್ಲಿ ಹಳೆಯ ಮನೆಯ ಮರಮುಟ್ಟು ರಾಶಿಬಿದ್ದಿದೆ. ಸೌದೆಯವನು ಬಂದು ಅದಕ್ಕೆ ಬೆಲೆಕಟ್ಟಿ ಹೋಗಿದ್ದಾನೆ. "ಅಕ್ಕಾ, ಅದನ್ನು ಕೊಟ್ಟು ಸೋಫಾದ ಮೊದಲನೆಯ ಕಂತನ್ನು ಕಟ್ಟಬಹುದೆ?" ಎಂದು ಕೇಳಿರುವಳು.

ಬೇಡ, ತಂಗಿ, ಇನ್ನೊಂದು ತಿಂಗಳು ತಾಳು. ಈ ಸಲದ ಬರಹವೆಲ್ಲವೂ ಆ ಒಂದು 'ಬೇಡ'ಕ್ಕೆ ಕಾರಣ ಹೇಳುವುದೇ ಆಗಿದೆ. ನಾನು ಜಾಣೆಯಾಗಿದ್ದುದರಿಂದ ಹೇಳುವ ಮಾತಿದಲ್ಲ. ಕೆಟ್ಟು ಕಲಿತುದರಿಂದ ಹೇಳುವ ಮಾತು.

ಬಳ್ಳಾರಿ ತಾಲ್ಲೂಕಿನ ರೂಪನಗುಡಿಯಲ್ಲಿ ನಮ್ಮ ಮನೆ. ಈ ಸೀಮೆಯ ಹಳೆಯ ಮನೆಗಳನ್ನು ಕಂಡವರಿಗೆ ಹೆಚ್ಚಾಗಿ ವರ್ಣಿಸಬೇಕಾದುದಿಲ್ಲ. ಮೊಳಕ್ಕೂ ಮಿಕ್ಕ ದಪ್ಪದ ಮಣ್ಣುಗೋಡೆಗಳು, ಬೋದಿಗೆಗಳನ್ನು ಹೊತ್ತ ಕಂಬಗಳು, ತೊಲೆ, ಜಂತೆ, ಅವುಗಳ ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯ ನಡುವೆ ಬೆಳಕಿಗೊಂದು ಗವಾಕ್ಷಿ, ಗೋಡೆಯಲ್ಲಿ ದೀಪದ ಗೂಡು. ಹೊರಗೆ ಬಿಸಿಲು ನಲವತ್ತು ಡಿಗ್ರಿಯನ್ನು ದಾಟಿದಾಗಲೂ ಒಳಗೆ ಕಾಲಿಟ್ಟರೆ ತಂಪು. ಆದರೆ ಇಂಥ ಮಾಳಿಗೆಯು ಸೇವೆಯನ್ನು ಬೇಡುವುದು. ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಮಣ್ಣು ಹರಡಿ ಸರಿಪಡಿಸಬೇಕು. ನಮ್ಮಲ್ಲಿ ಹಾಗೆ ಮಾಡುವ ಕೈಗಳು ಕಡಮೆಯಾದುವು. ಒಂದು ಮಳೆಗಾಲದಲ್ಲಿ ಬಡಗಣ ಗೋಡೆಯು ಕುಸಿದುಬಿದ್ದಿತು. ಮನೆಯನ್ನು ಬಿಚ್ಚಿ ಹೊಸದಾಗಿ ಕಟ್ಟಿಸುವುದೆಂದು ನಿಶ್ಚಯವಾಯಿತು.

ಬಿಚ್ಚಲು ಮೊದಲುಮಾಡಿದ ದಿವಸವೇ, ಯಾರಿಂದ ಸುದ್ದಿಯನ್ನು ತಿಳಿದನೋ, ಹಳೆಯ ಸಾಮಾನುಗಳ ವರ್ತಕನೊಬ್ಬನು ಬಂದು ಅಂಗಳದಲ್ಲಿ ನಿಂತನು. ನಡುಮನೆಯ ನಾಲ್ಕು ಕಂಬಗಳು, ಚೌಕಟ್ಟು ಸಹಿತವಾಗಿ ತಲೆಬಾಗಿಲು, ಕಾಳು ತುಂಬುವ ದೊಡ್ಡ ಪೆಟ್ಟಿಗೆ, ಇಷ್ಟನ್ನು ಆರಿಸಿಕೊಂಡನು. ಕಬ್ಬಿಣ ಸಿಮೆಂಟುಗಳ ಬಾಕಿಯು ನಮ್ಮ ತಲೆಯ ಮೇಲಿದ್ದಿತು. ಅವನು ಎಣಿಸಿಕೊಟ್ಟ ಹಣವು ಆ ದಿನ ದೊಡ್ಡದಾಗಿ ಕಂಡಿತು. ಒಂದು ವಾರದ ಸಿಮೆಂಟಿನಲ್ಲಿಯೇ ಅದು ಕರಗಿಹೋಯಿತು. ನಮ್ಮ ಅತ್ತೆಯವರು ಕಟ್ಟೆಯ ಮೇಲೆ ಕುಳಿತಿದ್ದರು. ಲಾರಿಯು ಬೀದಿಯ ತಿರುವನ್ನು ದಾಟುವವರೆಗೂ ಅವರು ಒಂದು ಮಾತನ್ನೂ ಆಡಲಿಲ್ಲ. ಆ ಮೌನವನ್ನು ನಾನು ಸಮ್ಮತಿಯೆಂದು ತಿಳಿದೆನು.

ಹೊಸ ಮನೆಯಾಯಿತು. ನೆಲಕ್ಕೆ ನುಣುಪಾದ ಬಿಲ್ಲೆಗಳು, ಗೋಡೆಗೆ ತಿಳಿಯ ಬಣ್ಣ, ಎಲ್ಲವೂ ಚೊಕ್ಕಟವಾಗಿದ್ದುವು. ಆದರೆ ಅತ್ತೆಯವರಿಗೆ ಆ ಮನೆಯಲ್ಲಿ ದಾರಿಯೇ ಇಲ್ಲದಂತಾಯಿತು. ಅವರಿಗೆ ವಯಸ್ಸು ಎಂಬತ್ತು ಮೀರಿದೆ. ಕಣ್ಣು ಮಂಜಾಗಿ ಬಹುಕಾಲವಾಯಿತು. ಹಳೆಯ ಮನೆಯಲ್ಲಿ ಅವರು ಕಣ್ಣಿನಿಂದಲ್ಲ, ಕೈಯಿಂದ ಓಡಾಡುತ್ತಿದ್ದರೆಂಬುದು ನಮಗಾರಿಗೂ ಹೊಳೆದಿರಲಿಲ್ಲ. ಹೊರಸಿನಿಂದ ಎದ್ದರೆ ಮೊದಲನೆಯ ಕಂಬ, ಅಲ್ಲಿಂದ ದೀಪದ ಗೂಡು, ಗೂಡಿನಿಂದ ಉಗ್ರಾಣದ ಬಾಗಿಲು, ಬಾಗಿಲಿನಿಂದ ಅಡಿಗೆಮನೆ. ಹೀಗೆ ಅರುವತ್ತು ವರ್ಷಗಳ ಲೆಕ್ಕವು ಅವರ ಅಂಗೈಯಲ್ಲಿದ್ದಿತು. ಹೊಸ ಮನೆಯಲ್ಲಿಯೋ, ಎಲ್ಲಿ ಮುಟ್ಟಿದರೂ ಒಂದೇ ನುಣುಪು, ಒಂದೇ ತಣುಪು. ಮೊದಲ ವಾರದಲ್ಲಿ ಪಡಸಾಲೆಯ ನಡುವೆ ನಿಂತು, "ನಾನು ಎಲ್ಲಿದ್ದೀನೇ, ಕೂಸೆ?" ಎಂದು ಕೇಳುತ್ತಿದ್ದರು. ಎರಡನೆಯ ವಾರದಿಂದ ಕೇಳುವುದನ್ನು ಬಿಟ್ಟರು, ಹಾಸಿಗೆಯಿಂದೇಳುವುದನ್ನೂ ಬಿಟ್ಟರು. ವೈದ್ಯರು ಬಂದು ನೋಡಿ, ಕಾಯಿಲೆಯೇನೂ ಇಲ್ಲವೆಂದು ಹೇಳಿಹೋದರು. ಮನೆಯ ಯಜಮಾನಿಯನ್ನು ಅವರ ಮನೆಯಲ್ಲಿಯೇ ನಾವು ಪರದೇಶಿಯನ್ನಾಗಿ ಮಾಡಿದ್ದೆವು.

ವರ್ತಕನು ಬೇಡವೆಂದು ಬಿಟ್ಟುಹೋದ ಕೆಲವು ಸಾಮಾನುಗಳು ಹಿತ್ತಲಲ್ಲಿದ್ದುವು: ಉಗ್ರಾಣದ ಬಾಗಿಲಿನ ಎರಡು ಕದಗಳು, ಮುಚ್ಚಳವಿಲ್ಲದ ಚಿಕ್ಕ ಪೆಟ್ಟಿಗೆ, ಮೂಲೆ ಸೇರಿದ್ದ ಕೂರಿಗೆ, ಒಂದು ಹೊಸ್ತಿಲು, ತೊಟ್ಟಿಲು. ಕಿಟಕಿಯ ಕೆಲಸಕ್ಕೆಂದು ಬಂದ ಬಡಗಿಯು ತನ್ನ ಉಪಕರಣಗಳನ್ನು ಹರಡಿಕೊಳ್ಳಲು ಆ ಕದಗಳಲ್ಲೊಂದನ್ನು ತಂದು ಪಡಸಾಲೆಯಲ್ಲಿ ಎರಡು ಇಟ್ಟಿಗೆಯ ರಾಶಿಗಳ ಮೇಲೆ ಅಡ್ಡಲಾಗಿಟ್ಟಿದ್ದನು. ನಾನು ಅತ್ತೆಯವರನ್ನು ತೋಳುಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಿದ್ದಾಗ ಅವರ ಕೈ ಅದಕ್ಕೆ ತಗಲಿತು. ಅಲ್ಲಿಯೇ ನಿಂತರು. ಬೆರಳುಗಳಿಂದ ಸಾಲಾಗಿ ಕಬ್ಬಿಣದ ಗುಬ್ಬಿಗಳನ್ನು ಎಣಿಸಿ, "ಇದು ಉಗ್ರಾಣದ ಬಾಗಿಲಲ್ಲೇನೆ? ನೋಡು, ನಾಲ್ಕನೆಯ ಗುಬ್ಬಿ ಇಲ್ಲ," ಎಂದರು. ಇಪ್ಪತ್ತು ವರ್ಷಗಳಿಂದ ಆ ಬಾಗಿಲನ್ನು ತೆರೆದು ಮುಚ್ಚಿದವಳು ನಾನು. ನಾಲ್ಕನೆಯ ಗುಬ್ಬಿಯಿಲ್ಲವೆಂಬುದು ನನಗೆ ತಿಳಿದಿರಲಿಲ್ಲ.

ಅಂದಿನಿಂದ ನಮ್ಮ ಮನೆಯ ಅಲಂಕಾರವು ಮೊದಲಾಯಿತು. ಅದನ್ನು ಅಲಂಕಾರವೆಂದು ಕರೆಯಲು ಸಂಕೋಚವಾಗುತ್ತದೆ. ಆದರೆ ಬಂದವರೆಲ್ಲರೂ ಪಡಸಾಲೆಯು ಚೆನ್ನಾಗಿದೆಯೆನ್ನುತ್ತಾರಾದುದರಿಂದ ಆ ಮಾತನ್ನೇ ಇಟ್ಟುಕೊಳ್ಳುವೆನು. ಏನೇನು ಮಾಡಿದೆವೆಂಬುದನ್ನು ಕ್ರಮವಾಗಿ ಹೇಳುವೆನು.

ಮೊದಲನೆಯದಾಗಿ, ಉಗ್ರಾಣದ ಕದಗಳನ್ನು ಉದ್ದಕ್ಕೆ ಜೋಡಿಸಿ, ಹಳೆಯ ಜಂತೆಗಳಿಂದ ಕಾಲು ಕೊಡಿಸಿ, ಗೋಡೆಯುದ್ದಕ್ಕೂ ಕುಳ್ಳಿರುವ ಮಣೆಯನ್ನು ಮಾಡಿಸಿದೆವು. ಸಾಧಾರಣ ಮಣೆಯು ನೆಲದಿಂದ ಹದಿನೇಳು ಅಂಗುಲ ಎತ್ತರವಿದ್ದರೆ ಸಾಕು. ಮುದುಕರಿಗೆ ಇನ್ನೊಂದು ಅಂಗುಲ ಹೆಚ್ಚಾಗಿದ್ದರೆ ಏಳುವುದು ಸುಲಭ. ಗುಬ್ಬಿಗಳು ಮೈಗೆ ಒತ್ತದಂತೆ ಆ ಮುಖವನ್ನು ಹೊರಬದಿಯ ಅಂಚಿಗೆ, ಕೈಗೆ ಸಿಕ್ಕುವಂತೆ, ಹಲಗೆಯಾಗಿ ಬಿಟ್ಟೆವು. ನಾಲ್ಕನೆಯ ಗುಬ್ಬಿಯ ತೂತನ್ನು ಮುಚ್ಚಲು ಅತ್ತೆಯವರು ಬಿಡಲಿಲ್ಲ.

ಎರಡನೆಯದಾಗಿ, ಕೂರಿಗೆಯ ಈಸನ್ನು, ಎಂದರೆ ಎತ್ತಿನ ನೊಗಕ್ಕೆ ಕಟ್ಟುವ ಉದ್ದನೆಯ ಮರವನ್ನು, ನೆಲದಿಂದ ಮೂವತ್ತೆರಡು ಅಂಗುಲ ಎತ್ತರದಲ್ಲಿ ಬಚ್ಚಲಿನ ದಾರಿಯ ಗೋಡೆಗೆ ಬಲವಾದ ಬೋಲ್ಟುಗಳಿಂದ ಬಿಗಿಸಿದೆವು. ಅತ್ತೆಯವರಿಗೆ ಅದೇ ಕೈಯಾಸರೆ. ದಶಕಗಳ ಕಾಲ ಒಕ್ಕಲ ಕೈಗಳು ಹಿಡಿದು ನಯಮಾಡಿದ ಆ ಮರಕ್ಕೆ ಮೆರುಗು ಕೊಡಬೇಕಾದ ಅಗತ್ಯವೇ ಇರಲಿಲ್ಲ. ಕೂರಿಗೆಯ ದಿಂಡಿನ ತೂತುಗಳಿಗೆ ಗೂಟಗಳನ್ನು ಬಡಿಸಿ, ಬಾಗಿಲ ಬಳಿಯಲ್ಲಿ ಕೊಡೆ, ಚೀಲ, ಮೇಲುಹೊದಿಕೆಗಳಿಗಾಗಿ ತೂಗುಮರವನ್ನು ಮಾಡಿಸಿದೆವು. ಮುಚ್ಚಳವಿಲ್ಲದ ಪೆಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಒಂದು ಹಲಗೆ ಕೊಟ್ಟರೆ ಮಕ್ಕಳ ಪುಸ್ತಕದ ಕಪಾಟಾಯಿತು. ಬಡಗಿಗೆ ಇಷ್ಟಕ್ಕೆಲ್ಲ ಆದುದು ನಾಲ್ಕು ದಿವಸದ ಕೂಲಿ.

ಹೊಸ್ತಿಲನ್ನು ಕುರಿತು ನಾನೊಂದು ತಪ್ಪು ಮಾಡಹೋಗಿದ್ದೆನು. ಅಂದವಾದ ಮರವೆಂದು ಅದರಿಂದ ಕಾಲಿಡುವ ಮಣೆಯನ್ನು ಮಾಡಿಸಬೇಕೆಂದಿದ್ದೆ. ಅತ್ತೆಯವರು, ಅರಸಿನ ಕುಂಕುಮ ಕಂಡ ಮರದ ಮೇಲೆ ಕಾಲಿಡಬಾರದೆಂದರು. ಅದು ಈಗ ದೇವರ ಕೋಣೆಯಲ್ಲಿ ದೀಪದ ಹಲಗೆಯಾಗಿದೆ. ಹಳೆಯ ವಸ್ತುವಿಗೆ ಹೊಸ ಕೆಲಸವನ್ನು ಕೊಡುವಾಗ ಅದರ ಹಳೆಯ ಮರ್ಯಾದೆಯನ್ನು ವಿಚಾರಿಸಿಕೊಳ್ಳಬೇಕೆಂಬುದನ್ನು ಇದರಿಂದ ಕಲಿತೆನು. ತೊಟ್ಟಿಲನ್ನು ಮಾತ್ರ ನಾವು ಮುಟ್ಟಲಿಲ್ಲ. ಕೆಲವರು ತೊಟ್ಟಿಲಲ್ಲಿ ಹೂವಿನ ಕುಂಡಗಳನ್ನಿಟ್ಟು ಶೃಂಗರಿಸುವರಂತೆ. ನಮ್ಮ ತೊಟ್ಟಿಲಿನ ಕೆಲಸವು ಇನ್ನೂ ಮುಗಿದಿಲ್ಲ. ಮೈದುನನ ಮಗಳು ಕಾರ್ತಿಕಮಾಸಕ್ಕೆ ಬಾಣಂತನಕ್ಕೆ ಬರುವಳು.

ಇನ್ನು, ಹಳೆಯ ಮರವನ್ನು ಮನೆಯೊಳಕ್ಕೆ ತರುವುದಕ್ಕೆ ಮೊದಲು ನೋಡಬೇಕಾದ ಕೆಲವು ವಿಷಯಗಳುಂಟು.

ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿರಿ. ಗಟ್ಟಿಯಾದ ಸದ್ದು ಬಂದರೆ ಸರಿ. ಬೊಳ್ಳಾದ ಸದ್ದು ಬಂದಲ್ಲಿ ದಬ್ಬಣದಿಂದ ಚುಚ್ಚಿರಿ. ಸಲೀಸಾಗಿ ಒಳಹೋದರೆ ಗೆದ್ದಲು ತಿಂದಿದೆಯೆಂದು ತಿಳಿಯಿರಿ. ಸಣ್ಣ ಸಣ್ಣ ತೂತುಗಳಿದ್ದರೆ ಮರದ ಕೆಳಗೆ ಕಪ್ಪು ಬಟ್ಟೆಯನ್ನು ಹಾಸಿ ಒಂದು ವಾರ ಬಿಡಿರಿ. ಹಿಟ್ಟಿನಂಥ ಪುಡಿ ಉದುರಿದರೆ ಹುಳು ಇನ್ನೂ ಜೀವದಿಂದಿದೆ; ಉದುರದಿದ್ದರೆ ಅದು ಹಳೆಯ ಗಾಯವಿದ್ದೀತು. ಹುಳು ಮೆಚ್ಚುವುದು ಹೊರಪದರದ ಬಿಳಿಮರವನ್ನು. ಕೆಚ್ಚಿಗೆ ಅದು ಬೇಗ ಬಾಯಿಡುವುದಿಲ್ಲ. ನಮ್ಮ ಕಡೆಯ ಜಾಲಿಯ ಕೆಚ್ಚಿನಿಂದ ನೇಗಿಲು, ಬಂಡಿಯ ಗಾಲಿಗಳನ್ನು ಮಾಡುತ್ತಿದ್ದುದು ಅದರ ಗಟ್ಟಿತನವನ್ನು ಕಂಡೇ. ಆದಕಾರಣ ಹುಳು ಹಿಡಿದ ಹೊರಪದರವನ್ನು ಕೆತ್ತಿಸಿಬಿಟ್ಟರೆ ಒಳಗಿನ ಮರವು ಅನೇಕ ವೇಳೆ ನೆಟ್ಟಗಿರುವುದು. ತೆಳುವಾದ ಹಲಗೆಗಳನ್ನು ಕಪ್ಪು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ನಮ್ಮ ಬೇಸಿಗೆಯ ಬಿಸಿಲಲ್ಲಿ ಕೆಲವು ದಿನ ಇಟ್ಟರೆ ಒಳಗಿನ ಕಾವಿಗೆ ಹುಳುಗಳು ಸಾಯುವುವು. ಮಾಡಿಸಿದ ಸಾಮಾನನ್ನು ಗೋಡೆಗೆ ಒತ್ತಿ ಇಡದೆ ಎರಡು ಬೆರಳಿನಷ್ಟು ಎಡೆಬಿಡಿರಿ. ಗೆದ್ದಲಿನ ಮಣ್ಣುದಾರಿಯು ಮೂಡಿದರೆ ಆಗ ಕಣ್ಣಿಗೆ ಬೀಳುವುದು.

ಹಳೆಯ ಮರಕ್ಕೆ ಹಚ್ಚಿದ ಹಸುರು, ಹಳದಿ, ಕೆಂಪು ಎಣ್ಣೆಬಣ್ಣಗಳನ್ನು ಕುರಿತು ಎಚ್ಚರವಾಗಿರಬೇಕು. ಹಿಂದಿನ ಬಣ್ಣಗಳಲ್ಲಿ ಸೀಸವು ಹೆಚ್ಚಾಗಿರುತ್ತಿದ್ದಿತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ ೯೦ ಪಾಲಿಗಿಂತ ಹೆಚ್ಚಾಗಿ ಸೀಸವಿರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ ೨೦೧೭ನೆಯ ಇಸವಿಯ ನವೆಂಬರಿನಿಂದೀಚೆಗೆ ಜಾರಿಗೆ ಬಂದುದು. ಆದುದರಿಂದ ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬೇಡಿರಿ. ಆ ಧೂಳು ಮಕ್ಕಳ ಮೆದುಳಿಗೂ ಬಸುರಿಯರಿಗೂ ಕೇಡು. ನೀರಿನಿಂದ ತೇವಮಾಡಿ, ಮನೆಯ ಹೊರಗೆ, ಮೂಗುಬಾಯಿಗಳಿಗೆ ತಕ್ಕ ಕವಚ ಹಾಕಿಕೊಂಡು ಕೆರೆಯಿಸಬೇಕು. ಕೆರೆದುದನ್ನು ಕೂಡಿಸಿ ಕಟ್ಟಿ ಬಿಸುಡಬೇಕೇ ಹೊರತು ಅಂಗಳದಲ್ಲಿ ಗುಡಿಸಿಬಿಡಕೂಡದು. ಬಣ್ಣ ಬಿಗಿಯಾಗಿದ್ದರೆ ಅದನ್ನು ಹಾಗೆಯೇ ಬಿಟ್ಟು ಮೇಲೊಂದು ಹೊಸ ಲೇಪ ಕೊಡಿಸುವುದು ಇನ್ನೂ ಲೇಸು.

ಬಣ್ಣವಿಲ್ಲದ ಮರಕ್ಕೆ ಕಾಯಿಸಿದ ಅಗಸೆಎಣ್ಣೆಯನ್ನು ತೆಳುವಾಗಿ ಸವರಿ ಒರೆಸಿದರೆ ಸಾಕು. ಮರದ ಎಳೆಗಳು ತಾವಾಗಿಯೇ ಬೆಳಗುವುವು. ಆದರೆ ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆಸೆಯಬಾರದು. ಅಗಸೆಎಣ್ಣೆಯು ಒಣಗುವಾಗ ಕಾವೇರುವುದು; ಮುದ್ದೆಯಾಗಿ ಬಿದ್ದ ಬಟ್ಟೆಯು ತನ್ನ ಕಾವಿಗೆ ತಾನೇ ಹೊತ್ತಿಕೊಳ್ಳುವುದುಂಟು. ಅದನ್ನು ಹೊರಗೆ ಬಿಡಿಸಿ ಹರಡಿ ಪೂರ್ತಿಯಾಗಿ ಒಣಗಿಸಬೇಕು.

ಮಣೆಯ ಮೇಲಕ್ಕೆ ಹಾಸು ಬೇಕಷ್ಟೆ. ನಮ್ಮ ಸೀಮೆಯ ಹೆಂಗಸರಿಗೆ ಕೌದಿಯನ್ನು ಹೇಳಿಕೊಡಬೇಕಾದುದಿಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಮುಖವಾಗಿ ಸಾಲುಹೊಲಿಗೆ ಹಾಕುತ್ತ ಬರುವ ಕೌದಿಗಿಂತ ಹಿರಿದಾದ ಮರುಬಳಕೆಯ ಪಾಠವು ಯಾವ ದೇಶದಲ್ಲಿರುವುದೋ ನಾನರಿಯೆ. ಇದಕ್ಕೆ ಈಗ ಬಳ್ಳಾರಿಯಲ್ಲಿ ಮತ್ತೊಂದು ಸಾಧನವು ಸೇರಿದೆ. ಅಲ್ಲಿ ಜೀನ್ಸು ಹೊಲಿಯುವ ಉದ್ಯಮವು ದೊಡ್ಡದಾಗಿ ಬೆಳೆದಿದೆಯಷ್ಟೆ. ಕತ್ತರಿಸಿ ಉಳಿದ ಚೂರುಗಳಿಗೆ ಕೊರತೆಯಿಲ್ಲ. ಆ ಒರಟು ನೀಲಿಬಟ್ಟೆಯು ಮಣೆಯ ಹಾಸಿನ ಅಡಿಪದರಕ್ಕೂ, ದಿಂಬಿನ ಚೀಲಕ್ಕೂ, ಬಾಗಿಲ ಬಳಿಯ ಕಾಲೊರಸಿಗೂ ಬಹಳ ಬಾಳಿಕೆ ಬರುವುದು. ಮೇಲ್ಪದರಕ್ಕೆ ಮಾತ್ರ ಮನೆಯವರ ಸೀರೆಗಳಿರಲಿ. ನಮ್ಮ ಹಾಸಿನಲ್ಲಿ ನನ್ನ ನಾದಿನಿಯ ಮದುವೆಯ ಸೀರೆಯ ಸೆರಗಿದೆ. ಅತ್ತೆಯವರ ಬೆರಳು ಅಲ್ಲಿಗೆ ಬಂದಾಗ ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿರುವೆನು.

ಮಣೆ, ಹಾಸುಗಳಾದುವು. ಗೋಡೆಗಳು ಉಳಿದುವು. ಗೋಡೆಗೆ ಚಿತ್ರವು ಬೇಡವೆ?

ನಮ್ಮ ದೇಶದ ಮನೆಗಳಲ್ಲಿ ಚೌಕಟ್ಟಿನ ಪಟಗಳು ಹರಡಿದುದು ಬಹಳ ಹಿಂದಿನ ಮಾತಲ್ಲ. ರಾಜಾ ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ತರುವಾಯ ಲಕ್ಷ್ಮಿ ಸರಸ್ವತಿಯರ ಬಣ್ಣದ ಪಟಗಳು ಬಡವರ ಮನೆಗೂ ಬಂದುವು. ಅದಕ್ಕೂ ಮೊದಲು ಗೋಡೆಗಳು ಬರಿದಾಗಿದ್ದುವೆಂದು ತಿಳಿಯಬೇಡಿರಿ. ಸಾರಣೆ ಕಾರಣೆಯೆಂಬ ಮಾತು ನಮ್ಮಲ್ಲಿ ಜೋಡಿಯಾಗಿಯೇ ಬರುವುದು. ಸಾರಿಸಿದ ನೆಲಕ್ಕೂ ಗೋಡೆಯ ಬುಡಕ್ಕೂ ಸುಣ್ಣ ಕೆಮ್ಮಣ್ಣುಗಳಿಂದ ಗೆರೆಯೆಳೆದ ಕೈ ಆ ಮನೆಯ ಹೆಣ್ಣಿನದು. ಅಚ್ಚಿನ ಪಟವು ಬಂದ ಮೇಲೂ ಆ ಕೈ ಸುಮ್ಮನಿರಲಿಲ್ಲ. ರವಿವರ್ಮನ ಪಟದ ದೇವಿಯರಿಗೆ ಜರಿಯ ಸೀರೆಯನ್ನುಡಿಸಿ, ಮಣಿಗಳ ಒಡವೆಗಳನ್ನು ಹೊಲಿದು ಅಂಟಿಸಿದ ಪಟಗಳನ್ನು ಕೆಲವು ಹಳೆಯ ಮನೆಗಳಲ್ಲಿ ಇಂದಿಗೂ ಕಾಣಬಹುದು. ಸಾವಿರ ಮನೆಗಳಲ್ಲಿರುವ ಪಟವನ್ನು ತಮ್ಮ ಮನೆಯದನ್ನಾಗಿ ಮಾಡಿಕೊಳ್ಳುವ ಬಗೆ ಅದು.

ನನ್ನ ಮಗಳು ಶಾಲೆಯವರೊಡನೆ ಸಂಗನಕಲ್ಲಿನ ಬಳಿಯ ಕಪ್ಪಗಲ್ಲು ಬೆಟ್ಟಕ್ಕೆ ಹೋಗಿಬಂದಳು. ಅಲ್ಲಿಯ ಕರಿಯ ಬಂಡೆಗಳ ಮೇಲೆ ನವಶಿಲಾಯುಗದ ಜನರು ಕುಟ್ಟಿ ಮೂಡಿಸಿದ ಉದ್ದಕೊಂಬಿನ ಗೂಳಿಗಳಿವೆ. ಫಾಸೆಟ್ ಎಂಬ ಆಂಗ್ಲೇಯನು ೧೮೯೨ರಲ್ಲಿಯೇ ಅವುಗಳನ್ನು ಕುರಿತು ಬರೆದಿದ್ದನು; ಆ ಕಾಲದ ಕಲ್ಲಿನ ಆಯುಧಗಳನ್ನು ಈಗ ಬಳ್ಳಾರಿಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಕಲ್ಲು ಒಡೆಯುವವರ ಕೈಗೆ ಆ ಬೆಟ್ಟದ ಕೆಲವು ಭಾಗಗಳು ತುತ್ತಾದುದೂ ಉಂಟು. ಹುಡುಗಿಯು ಬಂದವಳೇ, ಪಡಸಾಲೆಯ ಗೋಡೆಯ ಮೇಲೆ ಅಂಥದೇ ಗೂಳಿಗಳನ್ನು ಬರೆಯುವೆನೆಂದು ಹಟಹಿಡಿದಳು. ಹೊಸ ಬಣ್ಣದ ಗೋಡೆಯೆಂದು ನಾನು ತಡೆದೆನು. "ಬರೀಲಿ ಬಿಡು, ನನಗೂ ಒಂದು ಗುರುತಾಗುತ್ತೆ," ಎಂದು ಅತ್ತೆಯವರು ಹೇಳಿದರು.

ಗುರುತಾಗಬೇಕಾದರೆ ಚಿತ್ರವು ಕೈಗೆ ತಿಳಿಯಬೇಕು. ಅದಕ್ಕೆ ಉಪಾಯವನ್ನು ಕಿನ್ನಾಳದವರಿಂದ ಎರವು ತಂದೆವು. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಿಂದ ಗೊಂಬೆಗಳನ್ನು ಕಡೆದು, ಕೂಡಿಸಿದ ಎಡೆಗಳಿಗೆ ಹರಕುಗೋಣಿಯ ಚೂರು, ಮರದ ಹೊಟ್ಟು, ಹುಣಿಸೆಬೀಜದ ಅಂಟುಗಳನ್ನು ಕಲಸಿದ ಕಿಟ್ಟವನ್ನು ತುಂಬುವರು. ಒಡವೆ ವಸ್ತ್ರಗಳ ಅಂಚುಗಳನ್ನು ಕಲ್ಲಿನ ಪುಡಿಯ ಸರಿಯಿಂದ ಉಬ್ಬಿಸಿ ಬರೆಯುವರು. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಕಟ್ಟಿನ ಚಿತ್ರಗಳು ಇವರ ಪೂರ್ವಿಕರ ಕೆಲಸವೆಂದು ಹೇಳಿಕೆಯುಂಟು. ನೋಡಿರಿ, ಹರಕುಗೋಣಿಯೂ ಮರದ ಹೊಟ್ಟೂ ದೇವರ ಮೂರ್ತಿಗೆ ಮೈಯಾದುವು! ನಾವು ಹುರಿದು ಸಿಪ್ಪೆ ತೆಗೆದ ಹುಣಿಸೆಬೀಜವನ್ನು ನೆನೆಯಿಟ್ಟು ರುಬ್ಬಿ, ಬೇಯಿಸಿ ಅಂಟುಮಾಡಿ, ಜರಡಿಹಿಡಿದ ಕೆಮ್ಮಣ್ಣನ್ನೂ ಬಡಗಿಯು ಬಿಟ್ಟುಹೋದ ಹೊಟ್ಟನ್ನೂ ಅದರಲ್ಲಿ ಕಲಸಿದೆವು. ಅಂಟು ಬೇಗ ಹಳಸುವುದಾದುದರಿಂದ ಅಂದಂದಿಗೆ ಬೇಕಾದಷ್ಟನ್ನೇ ಮಾಡಬೇಕು. ಹುಡುಗಿಯು ಗೂಳಿಗಳನ್ನು ಬರೆದಳು. ಗೆರೆಗಳು ಗೋಡೆಯಿಂದ ಉಬ್ಬಿ ನಿಂತುವು. ಒಂದು ಗೂಳಿಗೆ ಕಾಲು ಮೂರೇ ಆದುವು. ಅತ್ತೆಯವರು ತಡವಿ ನೋಡಿ, "ಇದು ಕುಂಟ ಎತ್ತು, ಇಲ್ಲಿಂದ ಅಡಿಗೆಮನೆ ಎಡಕ್ಕೆ," ಎಂದು ನಿರ್ಣಯಿಸಿಕೊಂಡರು.

ಮಕ್ಕಳ ಚಿತ್ರ ಸಾಲದು, ಕುಶಲರ ಕೆಲಸವೂ ಒಂದಿರಲಿ ಎಂಬ ಆಶೆಯಿದ್ದರೆ, ನಮ್ಮ ಸುತ್ತಿನಲ್ಲಿಯೇ ಅದು ದೊರೆಯುವುದು. ಸಂಡೂರಿನ ಲಂಬಾಣಿ ಸೋದರಿಯರು ಬಣ್ಣಬಣ್ಣದ ಬಟ್ಟೆಯ ತುಂಡುಗಳನ್ನು ಕೂಡಿಸಿ, ಕನ್ನಡಿಯ ಬಿಲ್ಲೆ, ಕವಡೆಗಳನ್ನು ಹೊಲಿದು ಮಾಡುವ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯುಂಟು. ೨೦೨೩ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ-೨೦ ರಾಷ್ಟ್ರಗಳ ಸಂಸ್ಕೃತಿ ಸಭೆಯು ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರಕ್ಕೆ ಸೇರಿದ ೪೫೦ಕ್ಕೂ ಹೆಚ್ಚು ಮಂದಿ ಹೆಂಗಸರು ಸಿದ್ಧಪಡಿಸಿದ ೧೭೫೫ ಕಸೂತಿಯ ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಯಿತು. ಇಂಥದೊಂದು ತುಂಡನ್ನು ಮಾಡಿದವರ ಕೈಯಿಂದಲೇ ಕೊಳ್ಳಿರಿ, ಬೆಲೆಯನ್ನು ಜಗ್ಗಬೇಡಿರಿ. ನೀವು ಕೊಡುವುದು ಬಟ್ಟೆಯ ಬೆಲೆಯನ್ನಲ್ಲ, ಕಣ್ಣಿನ ಬೆಲೆಯನ್ನು. ಇನ್ನು ತೊಗಲುಗೊಂಬೆಯೂ ಇದೆ. ಗಡಿಯಾಚೆ ಧರ್ಮಾವರದ ಬಳಿಯ ನಿಮ್ಮಲಕುಂಟೆಯಲ್ಲಿ, ಆಟ ನೋಡುವವರು ಕಡಮೆಯಾದ ಮೇಲೆ, ಗೊಂಬೆಯ ಕಲಾವಿದರು ಅದೇ ತೊಗಲು, ಅದೇ ಬಣ್ಣಗಳಿಂದ ದೀಪದ ಮರೆಗಳನ್ನು ಮಾಡಲಾರಂಭಿಸಿದರು. ಹಿಂದಿನಿಂದ ದೀಪವಿದ್ದರೇ ಚೆಲುವಾಗುವ ಚಿತ್ರಕ್ಕೆ ಅದಕ್ಕಿಂತ ತಕ್ಕ ಹೊಸ ಕೆಲಸವೇನಿದ್ದೀತು? ಆ ಊರಿನ ದಳವಾಯಿ ಚಲಪತಿರಾಯರಿಗೆ ೨೦೨೦ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು.

ಆದರೆ ಹಳೆಯದೆಂಬ ಮೋಹದಿಂದ ಹೊಲದ ಬದುವಿನ ವೀರಗಲ್ಲನ್ನೋ ಪಾಳುಗುಡಿಯ ಕೆತ್ತನೆಯನ್ನೋ ಮನೆಗೆ ತಂದು ನಿಲ್ಲಿಸಬೇಡಿರಿ, ಮಾರುವವರಿದ್ದರೂ ಕೊಳ್ಳಬೇಡಿರಿ. ಅವು ಊರ ಸೊತ್ತು. ಪುರಾವಸ್ತುಗಳ ವ್ಯಾಪಾರಕ್ಕೆ ೧೯೭೨ರ ಕಾಯಿದೆಯ ಕಟ್ಟುಪಾಡುಗಳೂ ಇವೆ.

ಚಿತ್ರವನ್ನು ತೂಗುಹಾಕುವ ಎತ್ತರದ ವಿಷಯವಾಗಿ ಒಂದು ಮಾತು. ನಿಂತು ನೋಡುವವರಿಗಾದರೆ ಚಿತ್ರದ ನಡುಭಾಗವು ನೆಲದಿಂದ ಐದು ಅಡಿಯ ಸುಮಾರಿಗಿರಬೇಕೆಂದು ಹೇಳುವರು. ನಮ್ಮ ಮನೆಗಳಲ್ಲಿ ನಾವು ಚಾಪೆಯ ಮೇಲೋ ಗಿಡ್ಡ ಮಣೆಯ ಮೇಲೋ ಕುಳಿತಿರುವುದೇ ಹೆಚ್ಚು. ಆದುದರಿಂದ ಕುಳಿತವರ ಕಣ್ಣಿಗೆ ಸರಿಯಾಗಿ, ಮೂರು ಮೂರುವರೆ ಅಡಿಯಲ್ಲಿ ನಡುಭಾಗವು ಬರುವಂತೆ ಹಾಕಿರಿ. ಮಾಳಿಗೆಗೆ ತಾಗುವಂತೆ ಸಾಲಾಗಿ ಬಾಗಿಸಿದ ಪಟಗಳನ್ನು ಯಾರೂ ನೋಡುವುದಿಲ್ಲ. ಚೌಕಟ್ಟಿನ ಹಿಂದೆ ಬೆಂಡಿನ ಚೂರುಗಳನ್ನಿಟ್ಟು ಗಾಳಿಯಾಡಲು ಬಿಡಿರಿ. ಕಸೂತಿಯನ್ನು ನೇರ ಬಿಸಿಲು ಬೀಳದ ಗೋಡೆಗೆ ಹಾಕಿರಿ. ಗೋಡೆಗೊಂದು ಚಿತ್ರ ಸಾಕು.

ಸಿರುಗುಪ್ಪೆಯ ಸೋದರಿ, ಈಗ ನಿನ್ನ ಪ್ರಶ್ನೆಗೆ ಬರುವೆನು. ಸೌದೆಯವನಿಗೆ ಇನ್ನೊಂದು ತಿಂಗಳು ತಾಳೆಂದು ಹೇಳು. ಈ ವಾರದಲ್ಲಿ ಆ ರಾಶಿಯನ್ನು ಬಿಡಿಸಿ, ಮನೆಯ ಹಿರಿಯರನ್ನು ಅದರ ಬಳಿಯಲ್ಲಿ ಕುಳ್ಳಿರಿಸಿ, ಒಂದೊಂದನ್ನೇ ತೋರಿಸಿ ಯಾವುದು ಏನೆಂಬುದನ್ನು ಕೇಳು. ಎರಡನೆಯ ವಾರದಲ್ಲಿ ನಾನು ಹೇಳಿದಂತೆ ತಟ್ಟಿ, ಚುಚ್ಚಿ, ಒಳ್ಳೆಯದನ್ನು ಬೇರೆಮಾಡು. ಆಮೇಲೆ ಬಡಗಿಯನ್ನು ಕರೆಯಿಸಿ ಒಂದೇ ಒಂದು ಮಣೆಯನ್ನು ಮಾಡಿಸು. ಉಳಿದುದನ್ನು ಆಮೇಲೆ ನೋಡಿಕೊಳ್ಳಬಹುದು. ನಿಜವಾಗಿ ಕೆಟ್ಟುಹೋದ ಮರವನ್ನು ಸೌದೆಗೆ ಕೊಡಲು ಅಡ್ಡಿಯೇನೂ ಇಲ್ಲ. ಒಲೆಯೂ ಮನೆಯ ಒಂದು ಭಾಗವೇ ಸರಿ. ಆದರೆ ಬಣ್ಣ ಬಳಿದ ಮರವನ್ನು ಅಡಿಗೆಯ ಒಲೆಗೆ ಹಾಕಕೂಡದು. ಸೋಫಾವು ಬೇಕೇ ಬೇಕೆಂದು ಮುಂದೆ ತೋರಿದರೆ, ಕಂತಿಲ್ಲದೆ ಕೊಳ್ಳುವ ಕಾಲ ಬಂದಾಗ ಕೊಳ್ಳು.

ನಮ್ಮ ಅತ್ತೆಯವರು ಈಗ ತಾವೇ ಎದ್ದು ಮಣೆ, ಈಸು, ಕುಂಟ ಎತ್ತುಗಳನ್ನು ಹಿಡಿದು ಅಡಿಗೆಮನೆಗೆ ಬರುವರು. ನಾನು ಸೊಪ್ಪು ಸೋಸುವುದು ಸರಿಯಾಗಿಲ್ಲವೆಂದು ಹೇಳುವರು. ಅದನ್ನು ಕೇಳಿ ನನಗೆ ಸಂತೋಷವೇ ಆಗುವುದು. ಆದರೆ ಮಂಚದಿಂದೆದ್ದ ಕೂಡಲೆ ಅವರ ಬಲಗೈ ಇಂದಿಗೂ ಒಮ್ಮೆ ಮುಂದಕ್ಕೆ ಚಾಚುವುದು. ಮೊದಲನೆಯ ಕಂಬವಿದ್ದ ಜಾಗವದು. ಅದು ಯಾವ ಊರಿನ ಯಾರ ಪಡಸಾಲೆಯಲ್ಲಿ ನಿಂತಿರುವುದೋ ನಮಗೆ ತಿಳಿಯದು. ಅಲ್ಲಿ ಅದನ್ನು ಅಂದವಾದ ಕಂಬವೆಂದು ನೋಡುವವರಿರಬಹುದು. ಅದನ್ನು ಹಿಡಿದು ನಡೆಯುವವರಿಲ್ಲ.

ಮುಂದಿನ ತಿಂಗಳು, ಬೇಸಿಗೆಯಲ್ಲಿ ಕಾಂಕ್ರೀಟು ಮಾಳಿಗೆಯ ಕಾವನ್ನು ತಗ್ಗಿಸುವ ಬಗೆಗಳನ್ನು ಕುರಿತು ಬರೆಯುವೆನು. ತಮ್ಮ ಮನೆಗಳಲ್ಲಿ ಏನಾದರೂ ಉಪಾಯಗಳನ್ನು ಮಾಡಿ ನೋಡಿದ ಸೋದರಿಯರು ದಯವಿಟ್ಟು ತಿಳಿಸಬೇಕಾಗಿ ಕೋರುವೆನು.